ಜಗತ್ಕರ್ತೃವಿನ ವಿಚಾರ

ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿಯಂತಹ ಊರಿನಲ್ಲಿ ದೇವರು ಉಂಟೇ ಎಂದು ತರುಣನೊಬ್ಬನು ಕೇಳಿದರೆ, ಪೇಟೆಯ ವಿದ್ಯೆ ಅವನನ್ನು ಕೆಡಿಸಿತೆಂದು ಹಿರಿಯರು ನೊಂದುಕೊಳ್ಳುವುದುಂಟು. ಆದರೆ ಆ ಪ್ರಶ್ನೆ ಈ ನೆಲಕ್ಕೆ ಹೊಸತಲ್ಲ. ಇದೇ ಜಿಲ್ಲೆಯ ನೆಲಮಂಗಲ ತಾಲ್ಲೂಕಿನ ಮಣ್ಣೆಯು ಗಂಗರ ಮಾನ್ಯಪುರವಾಗಿದ್ದ ದಿನಗಳಲ್ಲಿ ಸೇನಾಪತಿ ಶ್ರೀವಿಜಯನು ಅಲ್ಲಿ ಜಿನಾಲಯವೊಂದನ್ನು ಕಟ್ಟಿಸಿದನೆಂದು 797ರ ತಾಮ್ರಶಾಸನ ತಿಳಿಸುತ್ತದೆ. ಜಗತ್ತಿಗೆ ಕರ್ತೃವಿಲ್ಲವೆನ್ನುವ ದರ್ಶನಕ್ಕೆ ರಾಜಾಶ್ರಯವಿದ್ದ ಕಾಲವದು.

ನೈಯಾಯಿಕರ ಅನುಮಾನ ಸುಪರಿಚಿತವಾದುದು: ಗಡಿಗೆ ಕಾರ್ಯ, ಅದಕ್ಕೆ ಕುಂಬಾರನುಂಟು, ಭೂಮಿಯೂ ಮೊಳಕೆಯೂ ಕಾರ್ಯಗಳೇ ಆದುದರಿಂದ ಅವಕ್ಕೂ ಕರ್ತೃವಿರಲೇಬೇಕು. ಉದಯನಾಚಾರ್ಯನ ನ್ಯಾಯಕುಸುಮಾಂಜಲಿಯಲ್ಲಿ ಈ ವಾದ ಪರಾಕಾಷ್ಠೆಯನ್ನು ಮುಟ್ಟಿತು. ಅದಕ್ಕೂ ಮುನ್ನವೇ, 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಗೌರವಕ್ಕೆ ಪಾತ್ರನಾಗಿದ್ದ ಜಿನಸೇನಾಚಾರ್ಯನು ತನ್ನ ಸಂಸ್ಕೃತ ಆದಿಪುರಾಣದಲ್ಲಿ ಕರ್ತೃವಾದದ ಒಂದೊಂದು ಎಳೆಯನ್ನೂ ಬಿಡಿಸಿ ನೋಡಿದ್ದನು. ಸೃಷ್ಟಿಗೆ ಮೊದಲು ಆ ಕರ್ತೃವು ಎಲ್ಲಿದ್ದನು? ಶರೀರವಿಲ್ಲದವನು ಮೂರ್ತವಾದುದನ್ನು ಹೇಗೆ ನಿರ್ಮಿಸಿಯಾನು? ಕೃತಕೃತ್ಯನಾದವನಿಗೆ ಸೃಷ್ಟಿಯ ಇಚ್ಛೆಯೇಕೆ? ಕರುಣೆಯಿಂದ ಸೃಜಿಸಿದನೆಂದರೆ ಲೋಕವೆಲ್ಲ ಸುಖಮಯವಾಗಿರಬೇಕಿತ್ತು. ಜೀವಿಗಳ ಕರ್ಮಕ್ಕನುಗುಣವಾಗಿ ಸೃಜಿಸಿದನೆಂದರೆ, ಕರ್ಮವೇ ಸಾಕಲ್ಲವೇ! ದುಃಖವನ್ನು ಕುರಿತ ಆ ಪ್ರಶ್ನೆಗೆ ಸಂಪೂರ್ಣವಾಗಿ ತೃಪ್ತಿಕರವಾದ ಉತ್ತರವನ್ನು ನಾನು ಇನ್ನೂ ಕಂಡಿಲ್ಲ.

ಇದಕ್ಕಿಂತಲೂ ವಿಸ್ಮಯಕರವಾದುದು, ಮೇಲುಕೋಟೆಯಲ್ಲಿ ಚೆಲುವನಾರಾಯಣನ ಸೇವೆಯನ್ನು ನೆಲೆಗೊಳಿಸಿದ ರಾಮಾನುಜಾಚಾರ್ಯರ ನಿಲುವು. ಅರಮನೆಯನ್ನೂ ರಥವನ್ನೂ ಅನೇಕರು ಕೂಡಿ ಮಾಡುವುದನ್ನು ಕಾಣುವ ನಾವು, ಜಗತ್ತೆಲ್ಲವನ್ನೂ ಒಬ್ಬನೇ, ಒಮ್ಮೆಲೇ ಮಾಡಿದನೆಂದು ಯಾವ ಆಧಾರದಿಂದ ಊಹಿಸಬಹುದೆಂದು ಶ್ರೀಭಾಷ್ಯದಲ್ಲಿ ತರ್ಕಿಸಿ, ಈಶ್ವರನು ಅನುಮಾನಕ್ಕೆ ಸಿಕ್ಕುವವನಲ್ಲ, ಶಾಸ್ತ್ರದಿಂದಲೇ ವೇದ್ಯನೆಂದು ಅವರು ನಿರ್ಣಯಿಸಿದರು. ಪ್ರಮಾಣವನ್ನು ಖಂಡಿಸಿದವನೆಲ್ಲ ನಾಸ್ತಿಕನೆಂದು ಭಾವಿಸುವವರು ಈ ಒಂದು ಪ್ರಕರಣವನ್ನು ಮನಸ್ಸಿಟ್ಟು ಓದಬೇಕು.

ಈ ಧಾರೆ ಬತ್ತಲಿಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರೀಕ್ಷೆಗೆ ಸಮಿತಿಯನ್ನೇ ರಚಿಸಿದರು; ಎ. ಎನ್. ಮೂರ್ತಿರಾಯರು ತೊಂಬತ್ತು ದಾಟಿದ ವಯಸ್ಸಿನಲ್ಲಿ 'ದೇವರು' ಗ್ರಂಥವನ್ನು ಪ್ರಕಟಿಸಿ, ಸರ್ವಶಕ್ತನೂ ದಯಾಮಯನೂ ಆದ ದೇವರನ್ನು ಒಪ್ಪಲಾರೆನೆಂಬ ತಮ್ಮ ನಿಲುವನ್ನು ಸೌಜನ್ಯದಿಂದ ನಿರೂಪಿಸಿದರು. ಆ ಕೃತಿಗೆ ಸಂದುದು ಪಂಪ ಪ್ರಶಸ್ತಿ. ಪಂಪನಾದರೋ 941ರಲ್ಲಿ ಜಿನಸೇನನನ್ನೇ ಅನುಸರಿಸಿ ಕನ್ನಡದ ಆದಿಪುರಾಣವನ್ನು ರಚಿಸಿದವನು.

ಭಕ್ತರು ಜಿನಸೇನನನ್ನೂ, ಸಂಶಯವಾದಿಗಳು ಉದಯನನನ್ನೂ ಒಮ್ಮೆಯಾದರೂ ಸಹನೆಯಿಂದ ಓದಬೇಕೆಂಬುದು ನನ್ನ ಬಿನ್ನಹ.