ಹರಾಜಿಗೆ ಬಂದ ಹುಲಿತಲೆ

1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನರು ಶಹೀದರಾದರು. ಲೂಟಿ ಹಂಚಲು ಕೂತ ಕಂಪನಿಯ ಅಧಿಕಾರಿಗಳು ಅವರ ಸಿಂಹಾಸನವನ್ನೇ ಒಡೆದು ಚೂರು ಮಾಡಿದರು. (ಲೂಟಿ ಎಂಬ ಮಾತೂ ಇಲ್ಲಿಂದಲೇ ಇಂಗ್ಲಿಷಿಗೆ ಹೋದದ್ದು!) ಸಿಂಹಾಸನದ ಚಿನ್ನದ ಹುಲಿತಲೆಯೊಂದು 2009ರಲ್ಲಿ ಲಂಡನ್ನಿನ ಬಾನ್‌ಹ್ಯಾಮ್ಸ್ ಸಂಸ್ಥೆಯಲ್ಲಿ ಹರಾಜಾಯಿತು. 2023ರಲ್ಲಿ ಅಲ್ಲಿಯೇ ಸುಲ್ತಾನರ ಶಯನಗೃಹದ ಖಡ್ಗಕ್ಕೆ ಬಂದ ಬೆಲೆ 1 ಕೋಟಿ 40 ಲಕ್ಷ ಪೌಂಡ್. ಈಗ ಹರಾಜು ಕೂಗಲು ಲಂಡನ್ನಿಗೆ ಹೋಗಬೇಕಿಲ್ಲ, ಮನೆಯ ಕಂಪ್ಯೂಟರ್ ಸಾಕು. ನಾವೂ ನೋಡಬಹುದು, ಕೂಗಲು ಜೇಬು ಬಿಡದು ಅಷ್ಟೆ. ನಮ್ಮ 1972ರ ಪುರಾತನ ವಸ್ತುಗಳ ಕಾಯ್ದೆಗೆ ಮೊದಲೇ ಹೋದದ್ದರ ಮೇಲೆ ಹಿಡಿತವಿಲ್ಲ. ಆದರೆ ಅಂಥ ಹುಲಿತಲೆಯೊಂದು ಬ್ರಿಟನ್ ಬಿಟ್ಟು ಹೊರಡಲಿದೆ ಎಂದಾಗ, 2021ರಲ್ಲಿ, ಅಲ್ಲಿನ ಸರ್ಕಾರ ರಫ್ತಿಗೆ ತಾತ್ಕಾಲಿಕ ತಡೆ ಹಾಕಿತು. ಅದು ಬ್ರಿಟನ್ನಿನಲ್ಲೇ ಉಳಿಯಬೇಕಂತೆ!