ಕಾವ್ಯಮಂಜರಿ, ಕಾವ್ಯಕಲಾನಿಧಿ ಮತ್ತು ಮರೆಯಲ್ಲಿ ನಿಂತ ಕವಿ

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದ ವೇಳೆಗೂ ಹಳಗನ್ನಡ ಸಾಹಿತ್ಯದ ಬಹುಭಾಗ ಓಲೆಗರಿಗಳಲ್ಲಿಯೇ ಉಳಿದಿತ್ತು. ಕಿಟ್ಟೆಲ್ ಅವರು 1872ರಲ್ಲಿ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿ ಅಚ್ಚು ಮಾಡಿಸಿದ್ದರು. ಬಿ.ಎಲ್. ರೈಸ್ ಅವರ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಕೆಲವು ಪ್ರಾಚೀನ ಕೃತಿಗಳು ಬೆಳಕಿಗೆ ಬರುತ್ತಿದ್ದವು. ಈ ಸಂದರ್ಭದಲ್ಲಿ, 1892ರಲ್ಲಿ, ಮೈಸೂರಿನ ಎಂ.ಎ. ರಾಮಾನುಜಯ್ಯಂಗಾರ್ ಮತ್ತು ಎಸ್.ಜಿ. ನರಸಿಂಹಾಚಾರ್ಯರು ‘ಕರ್ಣಾಟಕ ಕಾವ್ಯಮಂಜರಿ’ ಎಂಬ ಮಾಸಪತ್ರಿಕೆಯನ್ನು ಆರಂಭಿಸಿದರು. ಅಪ್ರಕಟಿತ ಪ್ರಾಚೀನ ಕಾವ್ಯಗಳನ್ನು ಕಂತುಕಂತಾಗಿ ಓದುಗರಿಗೆ ಒದಗಿಸುವುದು ಅದರ ಉದ್ದೇಶ. ಮುಂದೆ ರಾಮಾನುಜಯ್ಯಂಗಾರ್ಯರು ‘ಕರ್ಣಾಟಕ ಕಾವ್ಯಕಲಾನಿಧಿ’ಯ ಮೂಲಕ ಇದೇ ಕಾರ್ಯವನ್ನು ಮುಂದುವರಿಸಿದರು.

ಈ ಪತ್ರಿಕೆಗಳಲ್ಲಿ ಜೈನಸಾಹಿತ್ಯಕ್ಕೆ ದೊರೆತ ಸ್ಥಾನ ಸಹಜವಾದುದು. ಹತ್ತರಿಂದ ಹನ್ನೆರಡನೆಯ ಶತಮಾನದವರೆಗಿನ ಉಪಲಬ್ಧ ಕನ್ನಡ ಕಾವ್ಯಗಳಲ್ಲಿ ಹೆಚ್ಚಿನವು ಜೈನಕವಿಗಳವು. ಬಸದಿಗಳಲ್ಲಿ, ಮಠಗಳಲ್ಲಿ, ಶ್ರಾವಕರ ಮನೆಗಳಲ್ಲಿ ಪೂಜೆಗೊಳ್ಳುತ್ತಿದ್ದ ಶಾಸ್ತ್ರದ ಕಟ್ಟುಗಳು ಅಚ್ಚಿನ ಪುಟವಾಗಿ ಮತಭೇದವಿಲ್ಲದೆ ಸಾಹಿತ್ಯಾಸಕ್ತರನ್ನು ತಲುಪಿದ್ದು ಸಣ್ಣ ಸಂಗತಿಯಲ್ಲ. ಪದ್ಮರಾಜ ಪಂಡಿತರ ‘ಕಾವ್ಯಾಂಬುಧಿ’ಯೂ ಈ ದಿಕ್ಕಿನಲ್ಲಿ ಸ್ಮರಣೀಯವಾದ ಪ್ರಯತ್ನ. 1907ರಲ್ಲಿ ‘ಕರ್ಣಾಟಕ ಕವಿಚರಿತೆ’ಯ ಮೊದಲ ಸಂಪುಟ ಹೊರಬರುವ ವೇಳೆಗೆ ಇಂತಹ ಪತ್ರಿಕೆಗಳು ಅದಕ್ಕೆ ಬೇಕಾದ ಓದುಗರನ್ನು ಸಿದ್ಧಗೊಳಿಸಿದ್ದವು. ಆ ಸಂಪುಟದ ಕರ್ತೃಗಳಲ್ಲಿ ಎಸ್.ಜಿ. ನರಸಿಂಹಾಚಾರ್ಯರೂ ಒಬ್ಬರು.

ಆದರೆ ಹಳೆಯದನ್ನು ಉಳಿಸಲು ಹುಟ್ಟಿದ ಈ ಪತ್ರಿಕೆಗಳು ತಮಗೆ ಅರಿವಿಲ್ಲದೆಯೇ ಹೊಸದೊಂದಕ್ಕೂ ಬಾಗಿಲು ತೆರೆದವು. ಉಡುಪಿಯ ಶಾಲೆಯೊಂದರಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದ ನಂದಳಿಕೆಯ ಲಕ್ಷ್ಮೀನಾರಣಪ್ಪನವರು (1870–1901) ‘ಅದ್ಭುತ ರಾಮಾಯಣ’, ‘ಶ್ರೀರಾಮ ಪಟ್ಟಾಭಿಷೇಕ’ ಮತ್ತು ‘ಶ್ರೀರಾಮಾಶ್ವಮೇಧ’ಗಳನ್ನು ರಚಿಸಿ, ಪ್ರಾಚೀನ ಕೃತಿಗಳೆಂದು ತೋರುವಂತೆ ಮೈಸೂರಿಗೆ ಕಳುಹಿಸಿದರು. ಅವು ಹಾಗೆಯೇ ಪ್ರಕಟಗೊಂಡವು. ‘ರಾಮಾಶ್ವಮೇಧ’ದ ಕರ್ತೃವೆನಿಸಿದ ‘ಮುದ್ದಣ’ ಹಿಂದಿನ ಕಾಲದ ಕವಿಯಲ್ಲ; ಅದು ಅವರ ಬಾಲ್ಯದ ಮುದ್ದಿನ ಹೆಸರು. ಕ್ಷಯರೋಗದಿಂದ ಅವರು ತೀರಿಕೊಂಡಾಗ ಮೂವತ್ತೊಂದರ ಹರೆಯ. ಕರ್ತೃತ್ವದ ನಿಜಸಂಗತಿ ಸಾಹಿತ್ಯಲೋಕಕ್ಕೆ ಸ್ಪಷ್ಟವಾದದ್ದು ಅವರ ನಿಧನಾನಂತರ.

ಕವಿ ಮರೆಯಲ್ಲಿ ನಿಂತದ್ದಕ್ಕೆ ವಿನಯ, ಸಂಕೋಚಗಳನ್ನು ಕಾರಣವಾಗಿ ಹೇಳುವುದು ವಾಡಿಕೆ. ಅದರೊಂದಿಗೆ ಪತ್ರಿಕೆಯ ಸ್ವರೂಪವನ್ನೂ ಗಮನಿಸಬೇಕು. ಪ್ರಾಚೀನತೆಯೇ ಪ್ರವೇಶದ ಅರ್ಹತೆಯಾಗಿದ್ದೆಡೆಯಲ್ಲಿ, ಹಳಗನ್ನಡದಲ್ಲಿ ಬರೆಯಬಲ್ಲ ತರುಣನೊಬ್ಬನಿಗೆ ಪ್ರಾಚೀನನಾಗುವುದರ ಹೊರತು ಬೇರೆ ದಾರಿ ಯಾವುದಿತ್ತು?

ಸಂಪಾದಕರು ಮೋಸಹೋದರೆಂದು ನಗುವುದು ಸುಲಭ. ವಾಸ್ತವವಾಗಿ ಅವರು ನೆಚ್ಚಿದ್ದು ಭಾಷೆಯ ಸಾಕ್ಷ್ಯವನ್ನು. ಆ ಭಾಷೆ ನಿರ್ದುಷ್ಟವೆನ್ನುವಷ್ಟು ಪ್ರೌಢವಾಗಿತ್ತು. ಆದರೆ ‘ರಾಮಾಶ್ವಮೇಧ’ದಲ್ಲಿ ಕತೆಯ ನಡುನಡುವೆ ಬರುವ ಮುದ್ದಣ-ಮನೋರಮೆಯರ ಸಲ್ಲಾಪವನ್ನು ನೋಡಬೇಕು. ಪದ್ಯ ಬೇಡ, ಗದ್ಯದಲ್ಲಿ ಹೇಳೆಂದು ಕೇಳುವ, ಪತಿಯ ಪಾಂಡಿತ್ಯವನ್ನು ಛೇಡಿಸುವ ಆ ಗೃಹಿಣಿಯ ಸ್ವರ ಹೊಸ ಕಾಲದ್ದು. ಪದಗಳ ರೂಪ ಹಳೆಯದು, ಅವುಗಳ ಹಿಂದಿನ ಮನೋಧರ್ಮ ಹೊಸತು.

ಸಂಶೋಧಕರಿಗೆ ಇಲ್ಲೊಂದು ಎಚ್ಚರಿಕೆಯಿದೆ. ಕಾಲನಿರ್ದೇಶವಿಲ್ಲದ ಕೃತಿಗಳನ್ನು ಇಂದಿಗೂ ಭಾಷೆ, ಶೈಲಿಗಳ ಆಧಾರದಿಂದ ಒಂದು ಶತಮಾನಕ್ಕೆ ಸೇರಿಸುವುದುಂಟು. ಭಾಷೆಯನ್ನು ಕಲಿತು ಅನುಕರಿಸಬಹುದೆಂಬುದನ್ನು ಮುದ್ದಣನೇ ತೋರಿಸಿಕೊಟ್ಟಿದ್ದಾನೆ. ಆದುದರಿಂದ ಪ್ರತಿಯ ಮೂಲ, ಲಿಪಿ, ಪ್ರಶಸ್ತಿ, ಇತರ ಕವಿಗಳ ಉಲ್ಲೇಖ ಇವೆಲ್ಲ ಕೂಡಿಬಂದಾಗಲೇ ನಿರ್ಣಯಕ್ಕೆ ಬಲ ಬರುತ್ತದೆ. ಆದರೂ ಸಂಪಾದಕರು ಅಂದೇ ಸಂಶಯಪಟ್ಟು ಹಸ್ತಪ್ರತಿಯನ್ನು ಹಿಂದಿರುಗಿಸಿದ್ದರೆ, ಹೊಸಗನ್ನಡದ ಮುಂಬೆಳಗಿನ ಒಂದು ಶ್ರೇಷ್ಠ ಗದ್ಯಕೃತಿ ನಂದಳಿಕೆಯಲ್ಲಿಯೇ ಕಣ್ಮರೆಯಾಗುತ್ತಿತ್ತೇನೋ. ಪತ್ರಿಕೆಯ ತಪ್ಪು ತಿಳಿವಳಿಕೆಯಿಂದಲೇ ಕನ್ನಡಕ್ಕೆ ಮುದ್ದಣ ದೊರೆತ.