ನಂಜನಗೂಡು–ತಿ. ನರಸೀಪುರ ಸೀಮೆಯ ಹೂಗಿಡಗಳು ಮತ್ತು ಅವುಗಳ ಬಳಕೆ

ನಂಜನಗೂಡು, ತಿರುಮಕೂಡಲು ನರಸೀಪುರ ಎರಡೂ ಮೈಸೂರು ಜಿಲ್ಲೆಯಲ್ಲಿ ಕಪಿಲಾ ನದಿ ಹರಿಯುವ ತಾಲ್ಲೂಕುಗಳು. ನಾಲೆಯ ನೀರು ಮುಟ್ಟುವಲ್ಲಿ ಭತ್ತ, ಕಬ್ಬು, ಬಾಳೆ. ನೀರೇರದ ದಿಬ್ಬಗಳಲ್ಲೂ ಬೇಲಿಸಾಲುಗಳಲ್ಲೂ ಒಣನಾಡಿನ ಕುರುಚಲು. ಜನಬಳಕೆಯ ಹೂಗಿಡಗಳಲ್ಲಿ ಹೆಚ್ಚಿನವು ಈ ದಿಬ್ಬ ಬೇಲಿಗಳಲ್ಲಿ ತಾವಾಗಿ ಹುಟ್ಟುವಂಥವು. ಅವುಗಳಲ್ಲಿ ಮುಖ್ಯವಾದ ಮೂರು, ಗುಲಗಂಜಿ, ಎಕ್ಕ ಮತ್ತು ಉಮ್ಮತ್ತಿ, ವಿಷಸಸ್ಯಗಳು. ಮೂರಕ್ಕೂ ಪೂಜೆಯ ನಂಟಿದೆ, ಮದ್ದಿನ ನಂಟೂ ಇದೆ.

ಗುಲಗಂಜಿ

ಅವರೆ, ಹುರುಳಿಗಳ ಕುಟುಂಬಕ್ಕೆ ಸೇರಿದ ಹಂಬು. ಶಾಸ್ತ್ರೀಯ ನಾಮ ಆಬ್ರಸ್ ಪ್ರಿಕೇಟೋರಿಯಸ್. ಹುಣಿಸೆ ಎಲೆಯನ್ನು ಹೋಲುವ ಸಂಯುಕ್ತ ಎಲೆ, ನಸುಗೆಂಪು ಇಲ್ಲವೆ ನಸುನೇರಳೆ ಬಣ್ಣದ ಸಣ್ಣ ಹೂಗೊಂಚಲು. ಹೂವಿಗಿಂತ ಬೀಜಕ್ಕೇ ಹೆಸರು: ಒಣಗಿದ ಕಾಯಿ ಬಿರಿದಾಗ ಕಪ್ಪು ಕಣ್ಣಿನ ಕೆಂಪು ಕಾಳುಗಳು ಹೊರಗೆ ಕಾಣುತ್ತವೆ. ಬಿಳಿ ಬೀಜದ ಬಗೆಯೂ ಉಂಟು.

ನರಸೀಪುರದ ಗುಂಜಾ ನರಸಿಂಹಸ್ವಾಮಿಯ ಮೂರ್ತಿ ಬಲಗೈಯ ಹೆಬ್ಬೆರಳು ತೋರುಬೆರಳುಗಳ ನಡುವೆ ಗುಲಗಂಜಿಯನ್ನು ಹಿಡಿದಿದೆ. ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂದು ಸ್ಥಳದವರ ನಂಬಿಕೆ. ಕಾಶಿಗೆ ಹೊರಟಿದ್ದ ಅಗಸನೊಬ್ಬನಿಗೆ ದೇವರು ಕನಸಿನಲ್ಲಿ ಈ ಮಾತು ಹೇಳಿದನೆಂಬ ಐತಿಹ್ಯವೂ ಇದೆ. ಐತಿಹ್ಯದ ಕಾಲ ಏನೇ ಇರಲಿ, ಹಿರಿಮೆಯನ್ನು ಅಳೆಯಲು ಅದು ಆರಿಸಿಕೊಂಡದ್ದು ಅಕ್ಕಸಾಲಿಗನ ತಕ್ಕಡಿಯ ಸಣ್ಣದೊಂದು ಬೊಟ್ಟನ್ನು.

ಗುಲಗಂಜಿಯ, ಅಂದರೆ ಗುಂಜಿಯ, ಆ ತೂಕದ ಲೆಕ್ಕವನ್ನು ಸ್ವಲ್ಪ ವಿವರಿಸಬೇಕು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ 5 ಗುಂಜಿಗೆ ಒಂದು ಸುವರ್ಣಮಾಷ, 16 ಮಾಷಕ್ಕೆ ಒಂದು ಸುವರ್ಣ; ಅಂದರೆ 80 ಗುಂಜಿ. ನಂತರದ ವ್ಯವಹಾರದಲ್ಲಿ 8 ಗುಂಜಿಗೆ ಒಂದು ಮಾಷ, 12 ಮಾಷಕ್ಕೆ ಒಂದು ತೊಲ. ಅಂದರೆ 96 ಗುಂಜಿ. ಬ್ರಿಟಿಷರು ತೊಲವನ್ನು 180 ಗ್ರೇನಿಗೆ, ಸುಮಾರು 11.66 ಗ್ರಾಮಿಗೆ, ನಿಗದಿಪಡಿಸಿದ್ದರಿಂದ ಗುಂಜಿಯ ಪಾಲಿಗೆ ಬಂದದ್ದು ಸುಮಾರು 0.12 ಗ್ರಾಂ. ಎಲ್ಲ ಬೀಜಗಳೂ ಒಂದೇ ತೂಕದವು ಎಂಬ ಮಾತನ್ನು ಅಕ್ಷರಶಃ ತೆಗೆದುಕೊಳ್ಳಬಾರದು. ಬಳ್ಳಿಯಿಂದ ಬಳ್ಳಿಗೆ ತೂಕ ಬದಲಾಗುತ್ತದೆ; ಬೀಜವನ್ನು ಆರಿಸಿ ಹೊಂದಿಸಿಕೊಳ್ಳುವ ಕೈಯಲ್ಲಿತ್ತು ಅಳತೆಯ ನಿಖರತೆ. ಗಟ್ಟಿ ಸಿಪ್ಪೆಯ ಕಾರಣ ತೇವ ಬೇಗ ಒಳಸೇರದೆ ತೂಕ ಬಹುಕಾಲ ನಿಲ್ಲುವುದು ಮಾತ್ರ ಬೀಜದ್ದೇ ಗುಣ. ಮೆಟ್ರಿಕ್ ತೂಕಗಳು 1958ರಿಂದ ಜಾರಿಗೆ ಬಂದ ಮೇಲೆ ಗುಲಗಂಜಿ ಮಾತಿನಲ್ಲಿ ಉಳಿಯಿತು, ತಕ್ಕಡಿಯಿಂದ ಇಳಿಯಿತು.

ಬೀಜದಲ್ಲಿರುವ ವಿಷ ಅಬ್ರಿನ್ ಎಂಬ ಪ್ರೋಟೀನು. ಅದರ ಒಂದು ಎಳೆ ಜೀವಕೋಶದ ಹೊರಮೈಗೆ ಅಂಟಿಕೊಂಡು ದಾರಿ ಮಾಡಿದರೆ, ಇನ್ನೊಂದು ಒಳಹೊಕ್ಕು ಪ್ರೋಟೀನು ತಯಾರಿಕೆಯನ್ನೇ ನಿಲ್ಲಿಸುತ್ತದೆ. ಜರ್ಮನಿಯ ಪಾಲ್ ಎರ್ಲಿಶ್ 1891ರಲ್ಲಿ ಇಲಿಗಳಿಗೆ ಇದನ್ನು ಸ್ವಲ್ಪಸ್ವಲ್ಪವಾಗಿ ಕೊಟ್ಟು ರೋಗನಿರೋಧಕ ಶಕ್ತಿಯ ಮೇಲೆ ಪ್ರಯೋಗ ನಡೆಸಿದ. ಆಯುರ್ವೇದ ಗುಂಜಿಯನ್ನು ಉಪವಿಷಗಳ ಸಾಲಿಗೆ ಸೇರಿಸಿ, ಬೀಜವನ್ನು ಬಟ್ಟೆಯಲ್ಲಿ ಕಟ್ಟಿ ಹಾಲಿನಲ್ಲೋ ಕಾಂಜಿಯಲ್ಲೋ ಇಳಿಬಿಟ್ಟು ಬೇಯಿಸಿದ ಬಳಿಕವೇ ಬಳಸಬೇಕೆನ್ನುತ್ತದೆ. ಅಬ್ರಿನ್ ಕಾವಿಗೆ ಕೆಡುವ ವಸ್ತುವಾದ್ದರಿಂದ ಈ ಶೋಧನೆ ಅರ್ಥಪೂರ್ಣವಾದದ್ದೇ. ತಲೆಕೂದಲು ಉದುರಿದ ಕಡೆ ಹಚ್ಚುವ ಲೇಪ, ಹೊಟ್ಟಿಗೆ ಗುಂಜಾತೈಲ ಪ್ರಸಿದ್ಧ. ಎಲೆ ಸಿಹಿ, ಬಾಯಿಹುಣ್ಣಿಗೆ, ಗಂಟಲು ಕಟ್ಟಿದಾಗ ಅಗಿಯುವುದುಂಟು.

ಎಕ್ಕ, ಉಮ್ಮತ್ತಿ

ವಿಷವುಂಡ ಶಿವನೇ ನಂಜನಗೂಡಿನ ಶ್ರೀಕಂಠೇಶ್ವರ. ಎಕ್ಕ, ಉಮ್ಮತ್ತಿಗಳ ಹೂವು ಶಿವಪೂಜೆಗೆ ಸಲ್ಲುತ್ತದೆ. ರಥಸಪ್ತಮಿಯಂದು ಎಕ್ಕದೆಲೆಗಳನ್ನು ಮೈಮೇಲಿಟ್ಟುಕೊಂಡು ಸ್ನಾನ ಮಾಡುತ್ತಾರೆ. ಹರಳೆಣ್ಣೆ ಸವರಿ ಬೆಚ್ಚಗೆ ಮಾಡಿದ ಎಲೆಯನ್ನು ಕೀಲುಬಾವಿಗೆ ಕಟ್ಟುವುದು ಮನೆಮದ್ದು. ಎಕ್ಕದ ಹಾಲು ಕಣ್ಣಿಗೆ ತಗುಲಿದರೆ ಅಪಾಯ. ಗದ್ದೆಗೆ ತುಳಿಯುವ ಹಸಿರು ಗೊಬ್ಬರದಲ್ಲಿ ಹೊಂಗೆಯ ಜೊತೆ ಎಕ್ಕದ ಸೊಪ್ಪೂ ಸೇರುತ್ತದೆ. ಉಮ್ಮತ್ತಿಯ ಒಣ ಎಲೆಯ ಹೊಗೆಯನ್ನು ಹಿಂದೆ ಉಬ್ಬಸಕ್ಕೆ ಸೇದುತ್ತಿದ್ದರು. ಅದರಲ್ಲಿರುವ ಅಟ್ರೊಪೀನು ಶ್ವಾಸನಾಳವನ್ನು ಸಡಿಲಿಸುತ್ತದೆ, ಪ್ರಮಾಣ ಮೀರಿದರೆ ಭ್ರಮೆ ಹಿಡಿಸುತ್ತದೆ.

ಇತರ ಹೂಗಿಡಗಳು

ತುಂಬೆ ಪೂಜೆಗೆ, ನೆಗಡಿಗೆ. ತಂಗಡಿಯ ತೊಗಟೆ ಚರ್ಮ ಹದಮಾಡಲು, ಕಕ್ಕೆಕಾಯಿಯ ತಿರುಳು ಮಲಬದ್ಧತೆಗೆ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಮೈಸೂರು ಮಲ್ಲಿಗೆ ತೋಟದ ಬೆಳೆ. ಅದರ ಚರಿತ್ರೆ ಬೇರೆಯೇ. ಮದ್ದಿನ ಮಾತಿಗೆ ಬಂದರೆ, ನಂಜನಗೂಡಿನಲ್ಲಿ 1913ರಲ್ಲಿ ಆರಂಭವಾದ ಸದ್ವೈದ್ಯಶಾಲೆ ಆಯುರ್ವೇದ ಔಷಧ ತಯಾರಿಕೆಗೂ ಹಲ್ಲುಪುಡಿಗೂ ಹೆಸರಾಗಿದೆ.

ಎಚ್ಚರಿಕೆ

ಗುಲಗಂಜಿಯನ್ನು ಇಡಿಯಾಗಿ ನುಂಗಿದರೆ ಗಟ್ಟಿ ಸಿಪ್ಪೆಯಿಂದಾಗಿ ಅದು ಸಾಮಾನ್ಯವಾಗಿ ಹಾಗೆಯೇ ಹೊರಬೀಳುತ್ತದೆ. ಅಗಿದರೆ, ಕುಟ್ಟಿದರೆ, ಪೋಣಿಸಲು ತೂತು ಕೊರೆದರೆ ವಿಷ ಹೊರಬರುತ್ತದೆ. ಅಬ್ರಿನ್‌ಗೆ ನಿರ್ದಿಷ್ಟ ಪ್ರತಿವಿಷವಿಲ್ಲ. ಲಕ್ಷಣಗಳು ತಡವಾಗಿ ಕಾಣಬಹುದಾದ್ದರಿಂದ, ಮಗು ಬೀಜವನ್ನು ಬಾಯಿಗೆ ಹಾಕಿಕೊಂಡದ್ದು ತಿಳಿದ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.